ಕಾಕಾನ ಆಕಾಶಕ್ಕೆ ಅರಗಿನ ಮುದ್ರೆ

ನನಗಾದ ಅನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ನಗುವವರು ನಗಬಹುದು. ನನ್ನ ಜೀವಮಾನದಲ್ಲಿ ನಾನು ರೇಡಿಯೊದಲ್ಲಿ ಹಾಡಿದ್ದು ಒಂದೇ ಒಂದು ಸಲ. ಯಾರೊಬ್ಬರು ಕೇಳಲೆಂದು ಹಾಡಿದೆನೋ ಅವರೊಬ್ಬರನ್ನು ಬಿಟ್ಟು, ಮುಂಬಯಿ ಪ್ರಾಂತದಲ್ಲಿ ಕೇಳಬೇಕೆಂದವರೆಲ್ಲರೂ ಅದನ್ನು ಕೇಳಿದರು. ಯಾಕೆಂದರೆ ಆ ಸಂಜೆ ನಮ್ಮ ಕಾಕಾನ ರೇಡಿಯೊದ ಗುಂಡಿಯ ಮೇಲೆ ಸರ್ಕಾರದ ಕೆಂಪು ಅರಗಿನ ಮುದ್ರೆ ಕೂತಿತ್ತು. ಮುದ್ರೆ ಹಾಕಿದ ಇಲಾಖೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆಂದಲ್ಲ, ನಾನು ಏನನ್ನೂ ಮರೆಯುವವಳಲ್ಲ. ಅದಕ್ಕೆ ಅಷ್ಟು ಮರ್ಯಾದೆ ಕೊಡಲು ನನಗಿಷ್ಟವಿಲ್ಲ, ಅಷ್ಟೆ.

ಮೊನ್ನೆ ಮೊಮ್ಮಗಳು ಪತ್ರಿಕೆ ಓದುತ್ತಿದ್ದವಳು, "ಅಜ್ಜಿ, ದೂರವಾಣಿ ಕಂಪನಿಗಳ ಮೇಲೆ ಕಣ್ಣಿಡಲು ಸ್ವತಂತ್ರವಾದ ಒಂದು ಪ್ರಾಧಿಕಾರ ಬಂದಿದೆಯಂತೆ. ಸರ್ಕಾರದ ಇಲಾಖೆಯೂ ಅದರ ಮಾತು ಕೇಳಬೇಕಂತೆ. ದೇಶದಲ್ಲಿ ಇದೇ ಮೊದಲಂತೆ!" ಎಂದಳು.

ಮೊದಲಂತೆ! ನನಗೆ ನಗು ತಡೆಯಲಿಲ್ಲ. ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲೇ ಹಾನಗಲ್ಲಿನಲ್ಲಿ ಅಂಥದೊಂದು ಪ್ರಾಧಿಕಾರವಿತ್ತು. ಅದು ಕಚ್ಚೆಪಂಚೆ ಉಡುತ್ತಿತ್ತು, ಹಳದಿ ರುಮಾಲು ಸುತ್ತುತ್ತಿತ್ತು, ಸವಣೂರಿನ ಎಲೆಯನ್ನಲ್ಲದೆ ಬೇರೆ ಎಲೆಯನ್ನು ಬಾಯಿಗಿಡುತ್ತಿರಲಿಲ್ಲ, ಸಿಟ್ಟು ಬಂದರೆ ಊಟ ಬಿಡುತ್ತಿತ್ತು. ನಾನು ಅದನ್ನು ಕಾಕಾ ಎಂದು ಕರೆಯುತ್ತಿದ್ದೆ.

ಕಾಕಾ ನನ್ನ ಅಪ್ಪನ ತಮ್ಮ. ಅಪ್ಪ ತೀರಿಕೊಂಡಾಗ ನಾನಿನ್ನೂ ತೊದಲುವ ಕೂಸು. ಅವ್ವನನ್ನೂ ನನ್ನನ್ನೂ ಕಾಕಾ ಎಂದೂ ಬೇರೆ ಎಂದು ಎಣಿಸಲಿಲ್ಲ. ಅವರಿಗೂ ಚಿಗವ್ವನಿಗೂ (ಚಿಗವ್ವನೆಂದರೆ ಕಾಕಾನ ಹೆಂಡತಿ) ಮಕ್ಕಳಿರಲಿಲ್ಲ. ನಾನಿದ್ದೆ. ಹಾನಗಲ್ಲಿನ ಪೇಟೆಯಲ್ಲಿ ಅವರದು ಅಕ್ಕಿ, ಹತ್ತಿಗಳ ದಲಾಲಿ ಅಂಗಡಿ. ಹತ್ತಿಯ ಧಾರಣೆ ಮುಂಬಯಿಯಿಂದ ತಂತಿಯಲ್ಲಿ ಬರುತ್ತಿತ್ತು. ಒಮ್ಮೆ ಹೀಗೆ ಬಂದ ತಂತಿಯನ್ನು ತಂತಿ ಮಾಸ್ತರರು ಕೂಡಲೇ ಕಳಿಸದೆ, ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಆಮೇಲೆ ಕಳಿಸಿದರು. ಕಾಕಾ ಮೇಲಿನ ಕಚೇರಿಗೆ ದೂರು ಬರೆದರು. ಆ ದೂರು ಮೇಜಿನಿಂದ ಮೇಜಿಗೆ ತಿರುಗಿ, 'ತನಿಖೆ ಮಾಡಿ ವರದಿ ಒಪ್ಪಿಸುವುದು' ಎಂಬ ಶರಾ ಹೊತ್ತು ಕೊನೆಗೆ ಯಾರ ಬಳಿಗೆ ಬಂತು ಬಲ್ಲಿರಾ? ಅದೇ ತಂತಿ ಮಾಸ್ತರರ ಬಳಿಗೆ! ಅವರು ತಮ್ಮನ್ನು ತಾವೇ ಕೂಲಂಕಷವಾಗಿ ತನಿಖೆ ಮಾಡಿಕೊಂಡು, ತಮ್ಮದೇನೂ ತಪ್ಪಿಲ್ಲವೆಂದು ಕಂಡುಕೊಂಡು, ಕಾಕಾನಿಗೆ ಉತ್ತರ ಕೊಟ್ಟರು.

ಆ ದಿನ ಕಾಕಾ ಊಟ ಬಿಟ್ಟರು. ಚಿಗವ್ವ ತಾಟು ಹಿಡಿದುಕೊಂಡು ನಿಂತೇ ಇದ್ದಳು.

"ಪ್ಯಾಟ್ಯಾಗ ಮಾರಾಂವ ಬ್ಯಾರೆ, ಕೊಳ್ಳಾಂವ ಬ್ಯಾರೆ, ತೂಗಾಂವ ಬ್ಯಾರೆ ಇರ್ತಾನ. ಹೌದಲ್ಲೊ?" ಎಂದು ಕಾಕಾ ಕೇಳಿದರು.

"ಹೌದ್ರಿ. ರೊಟ್ಟಿ ಆರಾಕತ್ತಾವು."

"ಮಾರಾಂವನಽ ತೂಗಿದ್ರ ಯಾರರ ನಂಬ್ತಾರೇನು? ಸರ್ಕಾರಕ್ಕ ತಂತಿ ಮಾರಾಕ ಬೇಕು, ತೂಗಾಕೂ ಬೇಕು! ನಡುವ ಒಬ್ಬ ಮನಷ್ಯಾ ಬೇಕು. ಅವರಾಂವ ಅಲ್ಲ, ಇವರಾಂವ ಅಲ್ಲ."

"ಅಂಥಾ ಮನಷ್ಯಾ ಎಲ್ಲಿ ಸಿಗ್ತಾನ್ರಿ?"

ಕಾಕಾ ರುಮಾಲನ್ನು ಸರಿಪಡಿಸಿಕೊಂಡರು. ಮನುಷ್ಯ ಸಿಕ್ಕಿದ್ದ!

ಅಂದಿನಿಂದ ಸಂತೆಯ ದಿನ ಅಂಗಡಿಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿ ಕಾಕಾ ದೂರು ಕೇಳತೊಡಗಿದರು. ಯಾರೂ ನೇಮಿಸಿರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ. ಸ್ವತಂತ್ರವೆಂದರೆ ಅದಕ್ಕಿಂತ ಸ್ವತಂತ್ರವಾದದ್ದು ಇನ್ನೇನು ಬೇಕು?

ಅವರು ಮಾಡಿದ ಮೊದಲ ಕಾಯಿದೆ ತಂತಿಯ ಜವಾನನಿಗೆ ಸಂಬಂಧಿಸಿದ್ದು. ನಮ್ಮ ಕಡೆ ಆಗ ತಂತಿ ಬಂತೆಂದರೆ ಸಾವು ಬಂತೆಂದೇ ಲೆಕ್ಕ. ಖಾಕಿ ಅಂಗಿ ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ನಮ್ಮ ನೆರೆಮನೆಗೆ ಹೀಗೊಂದು ತಂತಿ ಬಂದಾಗ ಅದನ್ನು ಒಡೆಯುವ ಧೈರ್ಯ ಯಾರಿಗೂ ಇಲ್ಲದೆ, ಮೊದಲು ಅತ್ತುಬಿಟ್ಟರು. ಅಕ್ಕಪಕ್ಕದವರು ಕೂಡಿದರು, ಸತ್ತವನು ಪುಣೆಯಲ್ಲಿ ಓದುತ್ತಿದ್ದ ಮಗನೇ ಇರಬೇಕೆಂದು ನಿಶ್ಚಯಿಸಿ ಅವನ ಗುಣಗಾನ ನಡೆಯಿತು. ಕಡೆಗೆ ಕಾಕಾ ಹೋಗಿ ಒಡೆದು ಓದಿದರೆ, ಹುಡುಗ ಪರೀಕ್ಷೆಯಲ್ಲಿ ಪಾಸಾಗಿದ್ದ! ಆದರೆ ಅಷ್ಟು ಹೊತ್ತಿಗೆ ಅಳು ಎಂಥ ಹದಕ್ಕೆ ಬಂದಿತ್ತೆಂದರೆ ನಿಲ್ಲಿಸುವುದೇ ಕಷ್ಟವಾಯಿತು.

ಕಾಕಾ ಜವಾನನನ್ನು ಕರೆಸಿದರು. "ಇನ್ನ ಮ್ಯಾಲೆ ಛಲೋ ಸುದ್ದಿ ಇದ್ರ ಓಣಿ ತಿರವಿನಾಗಿಂದನಽ 'ಶುಭ ತಂತಿ ಬಂತ್ರೀ' ಅಂತ ಕೂಗಬೇಕು."

"ರೂಲಿನಾಗ ಇಲ್ಲಲ್ರಿ ಸಾವುಕಾರ್ರ."

"ಈಗ ಬಂತು."

ಕೆಲವು ಕಾಲ ಈ ಕಾಯಿದೆ ಚೆನ್ನಾಗಿಯೇ ನಡೆಯಿತು. ಆಮೇಲೊಂದು ದಿನ ಜವಾನ ಕೂಗದೆ, ತಲೆ ತಗ್ಗಿಸಿಕೊಂಡು, ಮೌನವಾಗಿ ಓಣಿಯೊಳಗೆ ಬಂದ. ಅಷ್ಟೇ! ತಂತಿ ಯಾರ ಮನೆಯದೆಂದು ತಿಳಿಯುವ ಮೊದಲೇ ಇಡೀ ಓಣಿ ಅಳತೊಡಗಿತು. ಕೆಲವರು ತಮ್ಮ ಮನೆಗೆ ಬಾರದಿರಲೆಂದು ಬಾಗಿಲು ಹಾಕಿಕೊಂಡರು. ಜವಾನ ನೇರವಾಗಿ ಬಂದದ್ದು ನಮ್ಮ ಮನೆಗೆ. ಅವ್ವ ಗೋಡೆಗೆ ಒರಗಿದಳು. ಕಾಕಾ ಒಡೆದರು. 'ಹತ್ತಿಯ ಧಾರಣೆಯಲ್ಲಿ ಬದಲಾವಣೆ ಇಲ್ಲ' ಎಂದು ಅದರಲ್ಲಿತ್ತು.

"ಮತ್ತ ಯಾಕ ಕೂಗಲಿಲ್ಲೋ?"

"ಏರಿದ್ರ ಶುಭ, ಇಳದ್ರ ಅಶುಭ. ಅಲ್ಲೇ ನಿಂತ್ರ ಏನಂತ ಕೂಗಬೇಕ್ರಿ?"

ಕಾಕಾ ಆ ಸಂಜೆಯೇ 'ಸಾದಾ ತಂತಿ' ಎಂಬ ಎರಡನೆಯ ಕೂಗನ್ನು ಕಾಯಿದೆಗೆ ಸೇರಿಸಿದರು.

ಅವರ ಎರಡನೆಯ ಕಾಯಿದೆ ತಂತಿಯ ಕಂಬಗಳ ರಕ್ಷಣೆಗಾಗಿ. ಶಿಗ್ಗಾವಿಗೆ ಹೋಗುವ ರಸ್ತೆಯುದ್ದಕ್ಕೂ ಕಂಬಗಳಿದ್ದವು. ಗಾಳಿ ಬೀಸಿದಾಗ ಅವು ಗುಂಯ್ ಎನ್ನುತ್ತಿದ್ದವು. ಹೊಲಕ್ಕೆ ಹೋಗುವವರು, ಸಂತೆಯಿಂದ ಬರುವವರು ಅಲ್ಲಿ ನಿಂತು ಕಂಬಕ್ಕೆ ಕಿವಿ ಹಚ್ಚಿ ಕೇಳುತ್ತಿದ್ದರು. ಒಳಗೆ ಮುಂಬಯಿಯವರು ಮಾತನಾಡುತ್ತಾರೆಂದು ಕೆಲವರೂ, ಲಂಡನ್ನಿನವರೆಂದು ಕೆಲವರೂ ಸಾಧಿಸುತ್ತಿದ್ದರು. ಕಾಕಾನಿಗೆ ಇದು ಸಹನೆಯಾಗಲಿಲ್ಲ. ಯಾರಾದರೂ ಕಿವಿ ಹಚ್ಚಿದ್ದು ಕಂಡರೆ ಚಕ್ಕಡಿ ನಿಲ್ಲಿಸಿ ಇಳಿದು, ಅದೇ ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದರು. ಒಂದು ಸಲ ಕಂಬಕ್ಕೆ ಕಿವಿ ಹಚ್ಚಿ ನಿಂತಿದ್ದವಳು ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕಿ. ಆಕೆಯ ಮಗ ಮುಂಬಯಿಯ ಗಿರಣಿಗೆ ಹೋಗಿದ್ದ. ಮುದುಕಿಗೆ ಬಸ್ಕಿ ಹೇಳುವಂತಿಲ್ಲ. ಕಾಕಾ ಉಪದೇಶವನ್ನಾದರೂ ಮಾಡಿದರು.

"ಯವ್ವಾ, ಮಂದಿ ಮಾತು ಕದ್ದು ಕೇಳೂದು ಗುನ್ಹೆ ಐತಿ."

"ನನ್ನ ಮಗನ ಮಾತು ಮಂದಿ ಮಾತು ಹೆಂಗಾತಪಾ?"

"ಅದರಾಗ ನಿನ್ನ ಮಗಾ ಇಲ್ಲಬೇ. ಗಾಳಿ ಬಿಟ್ರ ಏನೂ ಇಲ್ಲ."

ಮುದುಕಿ ಹೊರೆ ಸರಿ ಮಾಡಿಕೊಂಡು ಅವರನ್ನೇ ನೋಡಿದಳು. "ಗಾಳಿ ಇದ್ರ ಗುನ್ಹೆ ಹೆಂಗಾತೋ ತಮ್ಮಾ?"

ಕಾಕಾ ಚಕ್ಕಡಿ ಹತ್ತಿದರು. ಅವರ ಪ್ರಾಧಿಕಾರ ಸೋತ ಮೊದಲ ಮೊಕದ್ದಮೆ ಅದು.

ಇನ್ನು ರೇಡಿಯೊದ ಕಥೆಗೆ ಬರುತ್ತೇನೆ. ನಾನಿನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ ಕಾಕಾ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ದಿದ್ದರು. ಅಲ್ಲೊಂದು ಅಂಗಡಿಯ ಮುಂದೆ ಜನ ಕೂಡಿತ್ತು. ಒಳಗೆ ಕಟ್ಟಿಗೆಯ ಪೆಟ್ಟಿಗೆಯೊಂದರಿಂದ ಹೆಣ್ಣುಮಗಳ ಹಾಡು ಬರುತ್ತಿತ್ತು. ನಾನು ಕಾಕಾನ ಪಂಚೆ ಜಗ್ಗಿ, "ನಾನೂ ಬೀಸೂಕಲ್ಲಿನ ಪದ ಹಾಡ್ತೇನಲ್ಲ, ಅದೂ ಇದರಾಗ ಬರ್ತೈತೇನು?" ಎಂದು ಕೇಳಿದೆ. ಜನ ನಕ್ಕರು. ಕಾಕಾ ನಗಲಿಲ್ಲ. ಬಹಳ ಹೊತ್ತು ಆ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿ, "ಬರ್ತೈತಿ" ಎಂದರು.

ಹಾಡುವವಳು ಸಿದ್ಧಳಾಗಲು ವರ್ಷಗಳು ಬೇಕಿದ್ದವು. ಕೇಳುವ ಪೆಟ್ಟಿಗೆ ಮಾತ್ರ ಕೂಡಲೇ ಸಿದ್ಧವಾಯಿತು! ಆ ಸುಗ್ಗಿಗೇ ಕಾಕಾ ಬ್ಯಾಟರಿಯ ರೇಡಿಯೊ ಕೊಂಡರು. ಮಾಳಿಗೆಯ ಮೇಲೆ ಏರಿಯಲ್ ತಂತಿಗೆಂದು ಬಿದಿರಿನ ಗಳ ನಿಂತಿತು. ಹಿತ್ತಲಲ್ಲಿ ಭೂಮಿಗೆ ಹುಗಿದ ತಾಮ್ರದ ತಂತಿಗೆ ದಿನಾ ಸಂಜೆ ಒಂದು ತಂಬಿಗೆ ನೀರು ಹಾಕಬೇಕು. ನೆಲ ಒಣಗಿದರೆ ಆಕಾಶದ ಮಾತು ಒಡೆಯುತ್ತಿತ್ತು. ಆ ಕೆಲಸವನ್ನು ಕಾಕಾ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಆಗ ರೇಡಿಯೊ ಇಟ್ಟುಕೊಳ್ಳಲು ಸರ್ಕಾರದ ಲೈಸೆನ್ಸು ಬೇಕಿತ್ತು. ಕಾಕಾ ಅದಕ್ಕೆ ಕಟ್ಟು ಹಾಕಿಸಿ ದೇವರ ಜಗಲಿಯ ಪಕ್ಕದಲ್ಲಿ ತೂಗುಹಾಕಿದರು. ದಸರೆಯಲ್ಲಿ ಎಲ್ಲರೂ ಆಯುಧ ಪೂಜಿಸಿದರೆ ನಮ್ಮ ಮನೆಯಲ್ಲಿ ರೇಡಿಯೊಕ್ಕೆ ಒಂದು ಹೂವು, ಲೈಸೆನ್ಸಿಗೆ ಒಂದು ಮಾಲೆ!

ಹಾಡು ಮುಗಿದ ಮೇಲೆ ಪ್ರತಿ ಸಂಜೆಯೂ ಕಾಕಾ ಒಂದೇ ಮಾತು ಹೇಳುತ್ತಿದ್ದರು: "ಇವರೆಲ್ಲಾ ಹಾಡಿ ಮುಗಸಲಿ. ನಮ್ಮ ಪಾಳಿ ಬರ್ತೈತಿ."

ಈ ಪೆಟ್ಟಿಗೆಯ ಕೀರ್ತಿ ಹಿರೇಕೆರೂರು ತಾಲೂಕಿನ ಚಿಕ್ಕೇರೂರಿಗೂ ಮುಟ್ಟಿತು. ಅಲ್ಲಿ ನನ್ನ ಸೋದರತ್ತೆಯ, ಎಂದರೆ ಕಾಕಾನ ಅಕ್ಕನ, ಮನೆಯಿತ್ತು. "ಒಮ್ಮೆರ ನಮ್ಮೂರಿಗೆ ತಗೊಂಡು ಬಾ" ಎಂದು ಆಕೆ ಹೇಳಿ ಕಳಿಸಿದಳು. ಕಾಕಾ ಲೈಸೆನ್ಸನ್ನು ಓದಿದರು. ಅದರಲ್ಲಿ ಹಾನಗಲ್ಲು ಎಂದಿತ್ತು. ಹಾನಗಲ್ಲಿನ ಲೈಸೆನ್ಸು ಹಿರೇಕೆರೂರಿನಲ್ಲಿ ನಡೆಯುವುದು ಹೇಗೆ? ಅಕ್ಕನಿಗೂ ಇಲ್ಲವೆನ್ನಲಾಗದು, ಸರ್ಕಾರಕ್ಕೂ ಎರಡು ಬಗೆಯಲಾಗದು. ಕೊನೆಗೆ ಅವರು ಹುಡುಕಿದ ಉಪಾಯ ನೋಡಿ: ಎರಡು ತಾಲೂಕುಗಳ ಗಡಿಯಲ್ಲಿ ಒಂದು ಕಲ್ಲು, ಕಲ್ಲಿನ ಈಚೆಗೆ ಒಂದು ಹುಣಸೆಮರ. ರೇಡಿಯೊವನ್ನು ಕೌದಿಯಲ್ಲಿ ಸುತ್ತಿ ಚಕ್ಕಡಿಯಲ್ಲಿ ಅಲ್ಲಿಗೆ ಒಯ್ಯುವುದು. ಅತ್ತೆಯ ಮನೆಯವರು ಚಿಕ್ಕೇರೂರಿನಿಂದ ಅಲ್ಲಿಗೆ ಬರುವುದು. ಪೆಟ್ಟಿಗೆ ಹಾನಗಲ್ಲಿನಲ್ಲಿ ಹಾಡುವುದು, ಅವರು ಹಿರೇಕೆರೂರಿನಲ್ಲಿ ಕೇಳುವುದು!

ಎಲ್ಲರೂ ಬುತ್ತಿ ಕಟ್ಟಿಕೊಂಡು ಬಂದರು. ಕಾಕಾ ತಂತಿಯನ್ನು ಹುಣಸೆಮರಕ್ಕೆ ಕಟ್ಟಿಸಿದರು. ಇನ್ನೇನು ಗುಂಡಿ ತಿರುಗಿಸಬೇಕು, ತಲೆ ಎತ್ತಿ ನೋಡಿದರು. ತಂತಿ ಕಟ್ಟಿದ ಟೊಂಗೆ ಗಡಿಕಲ್ಲನ್ನು ದಾಟಿ ಹಿರೇಕೆರೂರಿನ ಆಕಾಶಕ್ಕೆ ಚಾಚಿತ್ತು. "ಬಿಚ್ರಿ ಅದನ್ನ!" ಬಿಚ್ಚಿ, ಬೇರೆ ಟೊಂಗೆ ಹುಡುಕಿ, ಮತ್ತೆ ಕಟ್ಟಿ, ನೆಲಕ್ಕೆ ನೀರು ಹೊಯ್ದು, ಗುಂಡಿ ತಿರುಗಿಸುವಷ್ಟರಲ್ಲಿ ಕಾರ್ಯಕ್ರಮದ ಕೊನೆ. "ನಮಸ್ಕಾರ" ಎಂದಿತು ಪೆಟ್ಟಿಗೆ. ಅತ್ತೆ ಬುತ್ತಿಯ ಗಂಟು ಬಿಚ್ಚುತ್ತ, "ನಮಸ್ಕಾರ ಹೇಳಿಸ್ಕೊಳ್ಳಾಕ ಎತ್ತು ಹೂಡಿಕೊಂಡು ಬಂದಂಗಾತು ನೋಡಪಾ" ಎಂದಳು.

ಇದೇ ಕಾಲಕ್ಕೆ ಹಾನಗಲ್ಲಿನ ಪೇಟೆಯಲ್ಲಿ ಇನ್ನೊಂದು ರೇಡಿಯೊ ಹಾಡತೊಡಗಿತು. ಅದು ಅತ್ತರು, ರೇಶಿಮೆಗಳ ವ್ಯಾಪಾರಿಯಾಗಿದ್ದ ಸಾಹೇಬರದು. ಅವರ ಮನೆ ಸವಣೂರಿನಲ್ಲಿ, ಅಂಗಡಿ ಹಾನಗಲ್ಲಿನಲ್ಲಿ. ಕಾಕಾನಿಗೆ ಎಲೆ ತಂದುಕೊಡುತ್ತಿದ್ದವರು ಅವರೇ. ಇಬ್ಬರಿಗೂ ಬಹಳ ಸಲಿಗೆ. ಆದರೆ ಕಾಯಿದೆಗೆ ಸಲಿಗೆಯುಂಟೆ?

"ಸಾಹೇಬ್ರ, ಲೈಸೆನ್ಸ್ ಎಲ್ಲೈತಿ?"

"ಅರೆ ಸಾವುಕಾರ್ರ, ಇದು ಸವಣೂರು ಪೆಟಿಗಿ. ನಮ್ದು ನವಾಬರ ಸಂಸ್ಥಾನ. ನಿಮ್ಮ ಬ್ರಿಟಿಷ್ ಸರ್ಕಾರದ ಲೈಸೆನ್ಸ್ ನಮಗ್ಯಾಕ?"

"ಪೆಟಿಗಿ ಹಾನಗಲ್ಲಾಗ ಕುಂತೈತಲ್ರಿ!"

"ಹಾನಗಲ್ಲಿಗೆ ಅದು ಬರೇ ಹಾಡಾಕ ಬರ್ತೈತಿ. ಸಂಜಿಗೆ ನನ್ನ ಜೋಡಿ ಮನಿಗೆ ಹೋಗ್ತೈತಿ. ಕುಂತ್ರಿ, ಎಲಿ ಹಾಕ್ರಿ."

ಕಾಕಾ ಎಲೆ ಹಾಕಿದರು. ಮನೆಗೆ ಬಂದು ಇಲಾಖೆಗೆ ಅರ್ಜಿಯನ್ನೂ ಹಾಕಿದರು. ಸಾಹೇಬರಿಗೆ ದಂಡವಾಗಲೆಂಬ ಆಸೆ ಅವರಿಗೆ ಲವಲೇಶವೂ ಇರಲಿಲ್ಲ. ಸಂಸ್ಥಾನದ ಪೆಟ್ಟಿಗೆ ಬ್ರಿಟಿಷರ ಸೀಮೆಯಲ್ಲಿ ಹಾಡಬಹುದೋ ಬಾರದೋ ಎಂಬುದನ್ನು ಯಾರಾದರೂ ನಿಷ್ಪಕ್ಷಪಾತವಾಗಿ ತೀರ್ಮಾನಿಸಲಿ ಎಂಬುದಷ್ಟೇ ಅವರ ವಾದ. ಅರ್ಜಿ ಹಾಗೆ ಮುಗಿದಿದ್ದರೆ ಬದುಕುತ್ತಿದ್ದೆವು. ಆದರೆ ಕಾಯಿದೆಯನ್ನು ಪಾಲಿಸುವ ಬಗೆ ಹೇಗೆಂದು ತೋರಿಸಲು, ಹುಣಸೆಮರದ ಪ್ರಸಂಗವನ್ನು ಟೊಂಗೆ ಬದಲಿಸಿದ ವಿವರದ ಸಮೇತ ಅವರೇ ಅದರಲ್ಲಿ ಬರೆದಿದ್ದರು!

ಯುದ್ಧ ಶುರುವಾಗಿತ್ತು. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಕೆಮ್ಮುತ್ತ ಓಡುತ್ತಿದ್ದ ಕಾಲ. ಅಂಥದೊಂದು ಬಸ್ಸಿನಿಂದ, ಮುಖವೆಲ್ಲ ಮಸಿಯಾಗಿ, ಇಲಾಖೆಯ ಇನ್‌ಸ್ಪೆಕ್ಟರು ಇಳಿದರು. ಮೊದಲು ಸಾಹೇಬರ ಅಂಗಡಿಗೆ ಹೋಗಿ ಅವರ ರೇಡಿಯೊದ ಗುಂಡಿಗೆ ದಾರ ಸುತ್ತಿ ಅರಗು ಒತ್ತಿದರು. ಆಮೇಲೆ ನಮ್ಮ ಮನೆಗೆ ಬಂದರು. ಕಾಕಾ ಜರಿಯಂಚಿನ ರುಮಾಲು ಸುತ್ತಿಕೊಂಡು, ಲೈಸೆನ್ಸನ್ನು ಗೋಡೆಯಿಂದ ಇಳಿಸಿ, ಮಾಲೆಯ ಸಮೇತ ಮುಂದೆ ಹಿಡಿದರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಆ ಮನುಷ್ಯ ಚಿಗವ್ವ ಕೊಟ್ಟ ಚಹಾ ಕುಡಿದರು, ಅವಲಕ್ಕಿ ತಿಂದರು, ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. (ಇದನ್ನೂ ನಾನು ಮರೆತಿಲ್ಲ.) ಆಮೇಲೆ ಕೈ ಒರೆಸಿಕೊಂಡು ಹೇಳಿದರು:

"ಲೈಸೆನ್ಸ್ ಈ ಮನಿಗೆ ಐತ್ರಿ, ಹುಣಸಿ ಮರಕ್ಕಲ್ಲ."

ಪೆಟ್ಟಿಗೆಯನ್ನು ಹೊತ್ತೊಯ್ಯಲು ಬಸ್ಸಿನಲ್ಲಿ ಜಾಗವಿರಲಿಲ್ಲ. ಆದ್ದರಿಂದ ಮುಂದಿನ ಆಜ್ಞೆಯಾಗುವವರೆಗೆ ಮುದ್ರೆ ಎಂದು, ನಮ್ಮ ದೇವರ ಮನೆಯ ದೀಪದಲ್ಲೇ ಅರಗು ಕಾಯಿಸಿದರು. ಕಾಕಾ ಲೈಸೆನ್ಸನ್ನು ಮತ್ತೆ ಗೋಡೆಗೆ ತೂಗುಹಾಕಿ ಕೇಳಿದರು:

"ಇದಕ್ಕ ದೂರು ಎಲ್ಲಿ ಕೊಡಬೇಕ್ರಿ?"

"ಮ್ಯಾಲಿನ ಕಚೇರಿಗೆ ಕೊಡ್ರಿ."

"ಅಲ್ಲಿ ಯಾರು ನೋಡ್ತಾರ?"

"ಅವರು ತಪಾಸಕ್ಕ ನನ್ನ ಕಡೇನಽ ಕಳಸ್ತಾರ್ರಿ."

ಹೊರಗೆ ಕಟ್ಟೆಯ ಮೇಲೆ ನಿಂತಿದ್ದ ಸಾಹೇಬರು ಗೊಳ್ಳೆಂದು ನಕ್ಕುಬಿಟ್ಟರು. ಕಾಕಾನಿಗೆ ಅರಗಿಗಿಂತ ಆ ನಗು ಸುಟ್ಟಿತು. ಮರುದಿನದಿಂದ ಇಬ್ಬರಿಗೂ ಮಾತಿಲ್ಲ, ಎಲೆಯಿಲ್ಲ.

ಕಾಕಾ ದೂರು ಕೊಟ್ಟರು. 'ವಿಚಾರಣೆಯಲ್ಲಿದೆ' ಎಂಬ ಉತ್ತರ ಬಂತು. ಮತ್ತೆ ಬರೆದರು, ವಿಚಾರಣೆಯಲ್ಲಿಯೇ ಇತ್ತು. ಸಂಜೆಯಾದರೆ ಅವರು ಮೂಕ ಪೆಟ್ಟಿಗೆಯ ಮುಂದೆ ತಮ್ಮ ಜಾಗದಲ್ಲಿ ಬಂದು ಕೂಡುತ್ತಿದ್ದರು. ಹಿತ್ತಲಿನ ತಂತಿಗೆ ನೀರು ಹಾಕುವುದನ್ನೂ ಬಿಡಲಿಲ್ಲ. ಚಿಗವ್ವ, "ಬಾಯಿ ಕಟ್ಟಿದ ಪೆಟಿಗಿಗೆ ನೀರು ಯಾಕ್ರಿ?" ಎಂದರೆ, "ಮುದ್ರಿ ಪೆಟಿಗಿಗೆ ಹಾಕ್ಯಾರ, ಭೂಮಿಗೆ ಹಾಕಿಲ್ಲ" ಎನ್ನುತ್ತಿದ್ದರು.

ಅಷ್ಟರಲ್ಲಿ ನನ್ನ ಮದುವೆಯಾಯಿತು. ಯಜಮಾನರಿಗೆ ಮುಂಬಯಿಯಲ್ಲಿ ನೌಕರಿ. ಚಾಳಿನ ಒಂದು ಕೋಣೆ, ಕಿಟಕಿಯ ಕೆಳಗೆ ಟ್ರಾಮಿನ ಗಂಟೆ. ಹಿಟ್ಟು ಗಿರಣಿಯಿಂದ ಬರುತ್ತಿತ್ತು; ಬೀಸುವ ಕಲ್ಲಿಗೆ ಅಲ್ಲಿ ಜಾಗವೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಬೆಳಿಗ್ಗೆ ಏಳುತ್ತಲೇ ಕೈ ಮಾತ್ರ ಗೂಟವನ್ನು ಹುಡುಕುತ್ತಿತ್ತು. ಹಾನಗಲ್ಲಿನ ಹಿತ್ತಲು, ಒದ್ದೆ ಮಣ್ಣು, ಕಾಕಾನ ತಂಬಿಗೆಯ ಸದ್ದು, ಇವು ನೆನಪಾದರೆ ನಾನು ಒಲೆಯ ಮುಂದೆ ಬೀಸುವ ಪದ ಹಾಡಿಕೊಳ್ಳುತ್ತಿದ್ದೆ. ಅದನ್ನು ಕೇಳಿದ ನೆರೆಯವರೊಬ್ಬರು ಮುಂಬಯಿ ಕೇಂದ್ರದವರಿಗೆ ಹೇಳಿದರು. ಅಲ್ಲಿ ಆಗೊಮ್ಮೆ ಈಗೊಮ್ಮೆ ಕನ್ನಡಕ್ಕೆ ಸ್ವಲ್ಪ ಹೊತ್ತು ಸಿಗುತ್ತಿತ್ತು. ನನಗೆ ಕರೆ ಬಂತು.

ಊರಿಗೆ ತಿಳಿಸಿದೆ. ತಂತಿಯಲ್ಲೇ ತಿಳಿಸಿದೆ. ಜವಾನ ಓಣಿಯ ತಿರುವಿನಿಂದ ಮನೆಯ ಹೊಸ್ತಿಲಿನವರೆಗೂ "ಶುಭ ತಂತಿ" ಎಂದು ಕೂಗುತ್ತ ಬಂದನಂತೆ! ಮುಂದೆ ಮನೆಯಲ್ಲಿ ನಡೆದದ್ದನ್ನು ಚಿಗವ್ವ ಎಷ್ಟೋ ಸಲ ಹೇಳಿದ್ದಾಳೆ. ಆಕೆ ಕುಡುಗೋಲು ತಂದು ಕಾಕಾನ ಮುಂದಿಟ್ಟಳು.

"ದಾರಾ ಹರೀರಿ. ಕೂಸು ಹಾಡೂದು ಕೇಳೋಣು. ಆಮ್ಯಾಲೆ ಜೇಲಿಗೆ ಬೇಕಾದ್ರ ನಾ ಹೋಗ್ತೇನಿ."

ಕಾಕಾ ಕುಡುಗೋಲು ಕೈಗೆ ತೆಗೆದುಕೊಂಡರಂತೆ. ದಾರಕ್ಕೆ ತಾಗಿಸಿದರಂತೆ. ಮತ್ತೆ ಕೆಳಗಿಟ್ಟರಂತೆ. "ಊರ ಮಂದಿಗೆ ಕಾಯ್ದೆ ಹೇಳೇನಿ. ನಾನಽ ಹರದ್ರ, ಕೂಸಿನ ಪದಾ ಕದ್ದು ಕೇಳಿದಂಗ ಆಕ್ಕೈತಿ. ಬ್ಯಾಡ."

ತಾಲೂಕಿನ ಅಧಿಕಾರಿಯಾಗಿದ್ದ ಮಾಮಲೇದಾರರ ಬಂಗಲೆಯಲ್ಲಿ ಒಂದು ರೇಡಿಯೊ ಇತ್ತು. ಆದರೆ ಅವರ ಏರಿಯಲ್ ತಂತಿಯ ಗಳ ಓರೆಯಾಗಿದೆಯೆಂದು ಕಾಕಾ ಹಿಂದೆಯೇ ಅರ್ಜಿ ಬರೆದಿದ್ದರು! ಯಾವ ಮುಖ ಹೊತ್ತು ಆ ಬಾಗಿಲಿಗೆ ಹೋಗುವುದು? ಸಾಹೇಬರ ಪೆಟ್ಟಿಗೆಗೆ ಮುದ್ರೆ ಬೀಳಲು ತಾವೇ ಕಾರಣ. ಹೀಗೆ ಹಾನಗಲ್ಲಿನ ಆಕಾಶವನ್ನೆಲ್ಲ ಅಚ್ಚುಕಟ್ಟು ಮಾಡಿದ ಪುಣ್ಯದಿಂದ, ಆಕಾಶ ತೆರೆದ ದಿನ ಅವರಿಗೆ ಕುಳಿತು ಕೇಳಲು ಒಂದು ಹೊಸ್ತಿಲೂ ಉಳಿದಿರಲಿಲ್ಲ. ಉಳಿದದ್ದು ಹುಬ್ಬಳ್ಳಿ. ನಾವಿಬ್ಬರೂ ಮೊದಲ ಸಲ ರೇಡಿಯೊ ಕೇಳಿದ ಅದೇ ಅಂಗಡಿ. 'ಅಲ್ಲಿಗೆ ಹೋಗಿ ಕೇಳುತ್ತೇನೆ' ಎಂದು ನನಗೆ ಮರುತಂತಿ ಕೊಟ್ಟು, ಆ ದಿನ ಜರಿಯಂಚಿನ ರುಮಾಲು ಸುತ್ತಿಕೊಂಡು ಬಸ್ಸು ಹತ್ತಿದರು.

ಇತ್ತ ನಾನು ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆಯಲ್ಲಿ ನಿಂತಿದ್ದೆ. ಅಂಥ ಮೌನವನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ. ಕೆಂಪು ದೀಪ ಹತ್ತಿತು. ಹುಬ್ಬಳ್ಳಿಯ ಅಂಗಡಿಯ ಮುಂದೆ, ಎಲ್ಲರಿಗಿಂತ ಮುಂದೆ, ಕಾಕಾ ನಿಂತಿದ್ದಾರೆಂದು ಕಣ್ಣು ಮುಚ್ಚಿ ಕಲ್ಪಿಸಿಕೊಂಡೆ. ಹಾಡಿದೆ. ಬೀಸುವ ಪದಕ್ಕೆ ಉಸಿರಿನ ಲೆಕ್ಕ ಕೊಡುವುದು ಕಲ್ಲು. ತೋಳು ತಿರುಗಿ ಎದೆಯ ಕಡೆಗೆ ಬಂದಾಗ ಉಸಿರು ತಾನಾಗಿ ಒಳಗೆ ಬರುತ್ತದೆ. ಇಲ್ಲಿ ಕಲ್ಲಿರಲಿಲ್ಲ. ಬರಿಯ ಗಾಳಿಯಲ್ಲೇ ಕೈ ತಿರುಗಿಸಿದೆ. ಆದರೂ ಎರಡನೆಯ ನುಡಿಯ ಕೊನೆಗೆ ಉಸಿರು ಸಾಲದೆ ದನಿ ಎಳೆಯಷ್ಟು ತೊಡರಿತು.

ಬೇಸಿಗೆಗೆ ಊರಿಗೆ ಬಂದಾಗ ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಕಾಕಾ, ಕೇಳಿದಿರೇನು?"

"ಕೇಳಿದೆ."

"ಹೆಂಗಿತ್ತು?"

"ಛಲೋ ಇತ್ತು. ಎರಡನೇ ನುಡಿಗೆ ಉಸುರು ಸಾಲಲಿಲ್ಲ. ಕೈಯಾಗ ಗೂಟ ಇಲ್ಲಂದ್ರ ನಿನಗ ಸಾಲೂದಿಲ್ಲ."

ಇದಕ್ಕಿಂತ ಹೆಚ್ಚಿನ ಪ್ರಶಸ್ತಿ ನನಗೆ ಬೇಕಿರಲಿಲ್ಲ. ಮನೆಯ ರೇಡಿಯೊದ ಮೇಲೆ ಚಿಗವ್ವ ಹೆಣೆದ ಮುಸುಕು ಹಾಕಿತ್ತು. ಅದನ್ನು ಸರಿಸಿ ನೋಡಬೇಕೆಂದು ನನಗೆ ಅನ್ನಿಸಲಿಲ್ಲ. ಅವರು ಕೇಳಿದ್ದು ಹುಬ್ಬಳ್ಳಿಯಲ್ಲಿ ತಾನೆ?

ಸ್ವಾತಂತ್ರ್ಯ ಬಂತು. ಬಾವುಟ ಬದಲಾಯಿತು, ಇಲಾಖೆಯ ಕಾಗದದ ಮೇಲಿನ ಕಿರೀಟ ಹೋಯಿತು. ದೂರು ವಿಚಾರಣೆಯಲ್ಲಿಯೇ ಇತ್ತು. ಆ ವರ್ಷದ ಸುಗ್ಗಿಯಲ್ಲಿ ಕಾಕಾ ತೀರಿಕೊಂಡರು. ತಂತಿ ಸಿಕ್ಕಿ ನಾನು ಹಾನಗಲ್ಲು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದುಃಖದಲ್ಲಿದ್ದ ನಮ್ಮನ್ನು ಮಾತನಾಡಿಸಲು ಸಾಹೇಬರು ಸವಣೂರಿನಿಂದ ಬಂದರು. ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಯ ಕಟ್ಟು. ಅದನ್ನು ರೇಡಿಯೊದ ಪಕ್ಕದಲ್ಲಿಟ್ಟು ಕಟ್ಟೆಯ ಮೇಲೆ ಕುಳಿತರು. ಇಬ್ಬರಿಗೂ ಮತ್ತೆ ಮಾತು ಕೂಡಿದ್ದು ಯಾವಾಗ ಎಂಬುದು ನನಗೆ ತಿಳಿಯದು. ಕೇಳಿದೆ.

"ನೀ ಹಾಡಿದ ದಿನಾನಽ, ಬೇಟಿ."

"ಅಂದು ಕಾಕಾ ಹುಬ್ಬಳ್ಳಿಗೆ ಹೋಗಿದ್ದರಲ್ಲ?"

ಸಾಹೇಬರು ಚಿಗವ್ವನ ಮುಖ ನೋಡಿದರು. ಆಕೆ ಎದ್ದು ತಂಬಿಗೆ ತೆಗೆದುಕೊಂಡು ಹಿತ್ತಲಿಗೆ ಹೋದಳು.

"ಹುಬ್ಬಳ್ಳಿ ಎಲ್ಲಿಂದ ಬರಬೇಕು! ನಾನೂ ಅದಽ ಬಸ್ಸಿನ್ಯಾಗ ಇದ್ದೆ, ಮನಿಗೆ ಹೊಂಟಿದ್ದೆ. ಅವರು ಮುಂದ, ನಾ ಹಿಂದ, ಮಾತಿಲ್ಲ. ಬಂಕಾಪುರಾ ಇನ್ನೂ ಮುಂದ ಇತ್ತು, ಬಸ್ಸು ಹೊಗಿ ಕಾರಿಕೊಂಡು ನಿಂತಬಿಡ್ತು. ಡ್ರೈವರ್ ಇದ್ದಲಿ ಕೆದರಿದಾ, ಗಾಳಿ ಹೊಡದಾ, ಏನೂ ಆಗಲಿಲ್ಲ. ಹೊತ್ತು ಇಳೀತು. ನಿಮ್ಮ ಕಾಕಾ ಗಡಿಯಾರ ನೋಡ್ತಾರ, ರಸ್ತಾ ನೋಡ್ತಾರ, ಗಡಿಯಾರ ನೋಡ್ತಾರ. ಆಮ್ಯಾಲೆ ನೋಡಿದ್ರ ಇಲ್ಲ. ಹುಡಿಕ್ಕೊಂಡು ಹೋದೆ."

"ಎಲ್ಲಿದ್ದರು?"

"ತಂತಿ ಕಂಬದ ಹಂತ್ಯಾಕ. ರುಮಾಲು ಬಿಚ್ಚಿ ಬಗಲಾಗ ಹಿಡಕೊಂಡು, ಕಂಬಕ್ಕ ಕಿವಿ ಹಚ್ಚಿ ನಿಂತಿದ್ರು."

ನಾನು ಅವರ ಎದುರಿಗೆ ಕಟ್ಟೆಯ ಮೇಲೆ ಕುಳಿತೆ. ಸಾಹೇಬರು ಮುಂದುವರಿಸಿದರು.

"ನನಗ ಚ್ಯಾಷ್ಟಿ ಬಂತು ನೋಡು. 'ಏನ್ ಸಾವುಕಾರ್ರ, ಊರ ಮಂದಿ ಕಡೆ ಬಸ್ಕಿ ಹೊಡಸ್ತಿದ್ರಿ, ಈಗ ನಿಮ್ಮ ಕಿವಿ ಯಾರು ಹಿಡೀಬೇಕು?' ಅಂತ ಕೇಳಬೇಕಂತ ಬಾಯಿ ತಗದೆ. ಕೈ ಎತ್ತಿ ನಿಲ್ಲಿಸಿದ್ರು. 'ಸುಮ್ಕಿರ್ರಿ ಸಾಹೇಬ್ರ. ಎರಡನೇ ನುಡಿ ನಡದೈತಿ. ಆಕಿಗೆ ಅಲ್ಲಿ ಉಸುರು ಸಾಲೂದಿಲ್ಲ' ಅಂದ್ರು."

"ನೀವೇನು ಮಾಡಿದಿರಿ?"

"ನಾ ಏನ್ ಮಾಡ್ಲಿ? ಟೊಪಿಗಿ ತಗದು ಆ ಕಡಿಂದ ಕಿವಿ ಹಚ್ಚಿದೆ."

"ಏನು ಕೇಳಿಸಿತು?"

ಸಾಹೇಬರು ಎಲೆಯ ಕಟ್ಟಿನ ಮೇಲಿನ ಒದ್ದೆ ಬಟ್ಟೆಯನ್ನು ಸರಿಪಡಿಸಿದರು. "ಗಾಳಿ, ಬೇಟಿ. ಆದ್ರ ಅವರು ಕಣ್ಣು ತಗಿಯೂತನಾ ನಾನೂ ಕಿವಿ ತಗೀಲಿಲ್ಲ. ಬಸ್ಸಿಗೆ ತಿರುಗಿ ಬರೂವಾಗ 'ಛಲೋ ಹಾಡಿದ್ಲಲ್ರಿ?' ಅಂತ ಕೇಳಿದ್ರು. 'ಭಾಳ ಛಲೋ' ಅಂದೆ. ಅವತ್ತಽ ಮಾತು ಕೂಡಿತು."

ನಾನು ಒಳಗೆ ಹೋಗಿ ಮುಸುಕು ಸರಿಸಿದೆ. ಮುದ್ರೆ ಹಾಗೆಯೇ ಇತ್ತು. ದಾರದ ಒಂದೇ ಒಂದು ಎಳೆ, ಕುಡುಗೋಲು ತಾಗಿದ ಕಡೆ, ಕಡಿದಿತ್ತು. ಉಳಿದದ್ದನ್ನು ನನ್ನ ಉಗುರಿನಿಂದಲೇ ಹರಿಯಬಹುದಾಗಿತ್ತು. ಹರಿಯಲಿಲ್ಲ. ಹಿತ್ತಲಲ್ಲಿ ಚಿಗವ್ವ ತಂತಿಯ ಬುಡಕ್ಕೆ ನೀರು ಹೊಯ್ಯುವ ಸದ್ದು ಕೇಳುತ್ತಿತ್ತು.

ಆ ಪೆಟ್ಟಿಗೆ ಈಗ ನನ್ನ ಮನೆಯಲ್ಲಿದೆ, ಮುದ್ರೆಯ ಸಮೇತ. ಮುಂದಿನ ಆಜ್ಞೆ ಇನ್ನೂ ಬಂದಿಲ್ಲ. ಆದುದರಿಂದ, ಇಲಾಖೆಯ ಹಿಂದಿನ ಮತ್ತು ಇಂದಿನ ಅಧಿಕಾರಿಗಳೇ, ಸ್ವತಂತ್ರವೆಂದು ಹೇಳಿಕೊಳ್ಳುವ ಹೊಸ ಪ್ರಾಧಿಕಾರದವರೇ, ನಮ್ಮ ಮನೆಯ ದೀಪದಲ್ಲಿ ನೀವು ಅರಗು ಕಾಯಿಸಿದ ದಿನ ಕಾಕಾ ಕೇಳಿದ ಪ್ರಶ್ನೆಯನ್ನೇ ನಾನು ಮತ್ತೊಮ್ಮೆ ಕೇಳುತ್ತೇನೆ: ನಿಮ್ಮ ಮೇಲಿನ ನನ್ನ ಈ ದೂರನ್ನು, ನೀವಲ್ಲದೆ, ಯಾರು ಕೇಳುತ್ತಾರೆ?